ಅಣ್ಣ ಓದಿದ ಹೊಸ ಕತೆ

ಹಿರಿಯ ಕಾದಂಬರಿಕಾರರೊಬ್ಬರನ್ನು ನಾನು ಕರೆಯುವುದು ಅಣ್ಣ ಎಂದೇ. ರಕ್ತಸಂಬಂಧವೇನಿಲ್ಲ. ಅಚ್ಚುಕೂಟದಲ್ಲಿ ಅವರ ಪುಸ್ತಕಗಳ ಕರಡು ತಿದ್ದಿಕೊಂಡಿದ್ದ ನನ್ನ ಕೈಯಲ್ಲಿ ಕತೆ ಬರೆಸಿದವರು ಅವರು.

ಹಳೆಯ ಕೋಟೆಯೂರಿನ ಗ್ರಂಥಾಲಯದವರು ಅವರನ್ನು ಕತೆ ಓದಲು ಕರೆದಿದ್ದರು. ಅತ್ತಿಗೆಗೆ ಮಂಡಿನೋವು. "ನೀನೇ ಕರ್ಕೊಂಡು ಹೋಗಿ ಬಾರೇ. ಈಚೆಗೆ ಅವರಿಗೆ ಸ್ವಲ್ಪ ಮರೆವು" ಎಂದರು.

ಬೆಳಗಿನ ರೈಲಿನಲ್ಲಿ ಬಂದಿಳಿದೆವು. ಅಣ್ಣ ಹುರುಪಿನಲ್ಲಿದ್ದರು. ಪುಸ್ತಕಕ್ಕೆ ರಟ್ಟು ಕಟ್ಟುವವರ ಬೀದಿಯಲ್ಲಿ ಪ್ರತಿ ಅಂಗಡಿಯ ಮುಂದೂ ನಿಂತು ಅಂಟಿನ ವಾಸನೆ ಎಳೆದುಕೊಂಡರು. ಮುನ್ನೂರು ವರ್ಷದ ಹಿಂದಿನ ಕವಿಯೊಬ್ಬನ ಮನೆಗೆ ಹೋದರೆ ಬಾಗಿಲಿಗೆ ಬೀಗ. "ಕವಿ ಮನೇಲಿಲ್ಲ, ಪ್ರಕಾಶಕರಿಂದ ತಪ್ಪಿಸ್ಕೊಂಡಿರಬೇಕು" ಎಂದು ನಗಿಸಿದರು. ಮರೆವಿನ ಮಾತೆಲ್ಲ ಅತ್ತಿಗೆಯ ಗಾಬರಿಯಷ್ಟೇ ಎನಿಸಿ ನನಗೂ ಹಗುರಾಯಿತು.

ಕೋಟೆಯ ಮೆಟ್ಟಿಲ ಮೇಲೆ ಕೂತು ಚೀಲದಿಂದ ಹಾಳೆಗಳನ್ನು ತೆಗೆದರು. "ಹೊಸದು. ಇನ್ನೂ ಯಾರಿಗೂ ತೋರ್ಸಿಲ್ಲ. ಮಧ್ಯಾಹ್ನ ಇದನ್ನೇ ಓದೋದು. ನೀನು ಮೊದಲು ಕೇಳು."

ಕತೆಯಲ್ಲಿ ಹೊಲಿಗೆಯವಳೊಬ್ಬಳು ಮಗಳ ಶಾಲೆಯ ಕೋಟನ್ನು ಪ್ರತಿ ವರ್ಷವೂ ಎರಡು ಅಳತೆ ದೊಡ್ಡದಾಗಿ ಹೊಲಿಯುತ್ತಾಳೆ. ಮಗಳು ಆ ಕೋಟಿನ ಅಳತೆಗೆ ಬೆಳೆಯುವ ಮೊದಲೇ ತಾಯಿ ತೀರಿಹೋಗುತ್ತಾಳೆ. ಎರಡನೇ ವಾಕ್ಯಕ್ಕೇ ನನಗೆ ಗುರುತು ಸಿಕ್ಕಿತು. ಅದು ನನ್ನ ಕತೆ. ಅಮ್ಮ ತೀರಿಕೊಂಡ ವರ್ಷ ನಾನು ಬರೆದದ್ದು. ಇಪ್ಪತ್ತೆರಡು ವರ್ಷಗಳ ಹಿಂದೆ ಅಚ್ಚಾದದ್ದು. ಒಂದು ಅಲ್ಪವಿರಾಮವೂ ಆಚೀಚೆ ಆಗಿರಲಿಲ್ಲ.

ಓದಿ ಮುಗಿಸಿ ಕನ್ನಡಕ ತೆಗೆದರು. ಕಣ್ಣು ಒದ್ದೆಯಾಗಿತ್ತು. "ಹೇಗಿದೆ?"

"ಚೆನ್ನಾಗಿದೆ ಅಣ್ಣ."

ಚಹಾ ತರುವ ನೆಪ ಮಾಡಿ ದೂರ ಹೋಗಿ ಅತ್ತಿಗೆಗೆ ಫೋನು ಮಾಡಿದೆ. ನಾನು ಬಾಯಿ ತೆರೆಯುವ ಮುಂಚೆ ಅವರೇ ಶುರು ಮಾಡಿದರು. "ಓದಿದ್ರಾ? ನಾಲ್ಕು ವರ್ಷ ಆದ್ಮೇಲೆ ಪೆನ್ನು ಹಿಡಿದಿದಾರೆ ಕಣೇ. ಎರಡು ತಿಂಗಳು ಊಟಕ್ಕೆ ಕರೆದ್ರೂ ಏಳ್ತಿರ್ಲಿಲ್ಲ. ನನಗಂತೂ ಹೋದ ಜೀವ ಬಂದ ಹಾಗಾಯ್ತು." "ಚೆನ್ನಾಗಿ ಬರೆದಿದಾರೆ ಅತ್ತಿಗೆ" ಎಂದು ಫೋನಿಟ್ಟೆ. ಚಹಾ ಹಿಡಿದು ವಾಪಸು ಬಂದೆ.

"ಹಳೇ ಕತೆ ಯಾವ್ದಾದ್ರೂ ಓದಿ ಅಣ್ಣ. ಜನ ಅದನ್ನೇ ಇಷ್ಟಪಡ್ತಾರೆ" ಎಂದು ಕೊನೆಯ ಪ್ರಯತ್ನ ಮಾಡಿದೆ.

"ಹಳೇದನ್ನ ಓದೋಕೆ ನಾನು ಸತ್ತ ಮೇಲೆ ಬೇಕಾದಷ್ಟು ಜನ ಇರ್ತಾರಮ್ಮ!"

ಗ್ರಂಥಾಲಯದಲ್ಲಿ ನಲವತ್ತು ಕುರ್ಚಿ ಹಾಕಿದ್ದರು. ಎಲ್ಲವೂ ತುಂಬಿದ್ದವು. ಅಣ್ಣ ಅಷ್ಟು ಚೆನ್ನಾಗಿ ಓದಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ನನ್ನ ಅಮ್ಮ ಅವರ ದನಿಯಲ್ಲಿ ನೂಲು ಕಚ್ಚಿ ತುಂಡರಿಸಿದಳು. ಯಾರಿಗೂ ತಿಳಿಯದೆ ಹೋಗಲಿ, ಇದೊಂದು ಅವರದೇ ಆಗಲಿ ಎಂದು ಕೈ ಬಿಗಿಹಿಡಿದು ಕೂತಿದ್ದೆ. ಚಪ್ಪಾಳೆ ನಿಂತ ಮೇಲೆ ಎರಡನೇ ಸಾಲಿನ ಟೀಚರೊಬ್ಬರು ಎದ್ದರು. ಅವರ ದನಿಯಲ್ಲಿ ಕೋಪವಿರಲಿಲ್ಲ, ಗೊಂದಲವಷ್ಟೇ ಇತ್ತು.

"ಸರ್, ತಪ್ಪು ತಿಳ್ಕೋಬೇಡಿ. ಈ ಕತೇನ ನಾನು ಮಕ್ಕಳಿಗೆ ಪಾಠ ಮಾಡಿದೀನಿ. ಇದು ನಿಮ್ಮ ಜೊತೆ ಬಂದಿರೋ ಮೇಡಂದು ಅಲ್ವಾ?"

ನಲವತ್ತು ತಲೆಗಳು ನನ್ನ ಕಡೆ ತಿರುಗಿದವು. ಅಣ್ಣ ಹಾಳೆಗಳನ್ನು ಹಿಂದೆ ಮುಂದೆ ತಿರುವಿದರು. ಆಮೇಲೆ ನನ್ನನ್ನು ನೋಡಿದರು. "ಇದು ನನ್ನ ಕೈಬರಹ ಅಲ್ವೇನಮ್ಮ?"

"ಕೈಬರಹ ನಿಮ್ಮದೇ ಅಣ್ಣ" ಎಂದೆ. ಸುಳ್ಳು ಹೇಳಬೇಕೆಂದು ಎದ್ದವಳಿಗೆ ಅಷ್ಟೇ ಹೇಳಲು ಸಾಧ್ಯವಾದದ್ದು. ಅವರಿಗೆ ಅರ್ಥವಾಯಿತು. ಗ್ರಂಥಪಾಲಕರು ಅವಸರವಸರವಾಗಿ ವಂದನೆ ಹೇಳಿ ಸಭೆ ಮುಗಿಸಿದರು. ಟೀಚರು ಬಾಗಿಲ ಬಳಿ ನನ್ನ ಕೈ ಹಿಡಿದು, ನಾನು ಕೇಳಬಾರದಿತ್ತು ಎಂದು ಅತ್ತರು. ಅವರನ್ನು ಸಮಾಧಾನ ಮಾಡುವ ಶಕ್ತಿಯೂ ನನ್ನಲ್ಲಿರಲಿಲ್ಲ.

ರೈಲಿಗೆ ಇನ್ನೂ ಒಂದು ಗಂಟೆ ಇತ್ತು. ನಿಲ್ದಾಣದ ಬೆಂಚಿನ ಮೇಲೆ ಕೂತು ಅಣ್ಣ ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿದರು.

"ಕದ್ದಿದ್ದಲ್ಲ ಕಣಮ್ಮ."

"ಗೊತ್ತು ಅಣ್ಣ."

"ಒಂದೊಂದೇ ಸಾಲು ಹೊಳೀತಾ ಹೋಯ್ತು. ಇಷ್ಟು ಸಲೀಸಾಗಿ ನಾನು ಯಾವತ್ತೂ ಬರೆದಿರ್ಲಿಲ್ಲ. ಎಷ್ಟು ಸಂತೋಷ ಆಗ್ತಿತ್ತು ಗೊತ್ತಾ?" ಎಂದರು. ಚೀಲವನ್ನು ಮಡಿಲಿಗೆ ಎಳೆದುಕೊಂಡು, "ಇನ್ನೊಂದು ಕತೆ ತಲೇಲಿದೆ. ಅದೂ ನನ್ನದು ಹೌದೋ ಅಲ್ವೋ, ನನಗೆ ಹೇಗೆ ಗೊತ್ತಾಗ್ಬೇಕು?" ಎಂದರು.

"ಹೇಳಿ ಅಣ್ಣ, ಕೇಳ್ತೀನಿ."

ಅವರು ಬಾಯಿ ತೆರೆದರು. ಏನೋ ಯೋಚಿಸಿದರು. "ಬೇಡ" ಎಂದು ತಲೆಯಾಡಿಸಿ, ರೈಲು ಬರುವ ದಿಕ್ಕಿಗೆ ಮುಖ ಮಾಡಿ ಕೂತರು.