ಕರಿ ತಂತಿ

ನಾನೊಂದು ಆಂಪ್ಲಿಫೈಯರ್. ಕಂಪನಿಯಲ್ಲಿ ಹುಟ್ಟಿದ್ದಲ್ಲ. ಹೆಸರು, ನಂಬರು, ಗ್ಯಾರಂಟಿ ಕಾರ್ಡು ಯಾವುದೂ ಇಲ್ಲದೆ ಕುಷ್ಟಗಿ ಕಡೆಯ ಒಂದು ಊರಿನಲ್ಲಿ, ಬಸ್‌ಸ್ಟ್ಯಾಂಡಿನ ಹಿಂದಿನ ರಿಪೇರಿ ಅಂಗಡಿಯಲ್ಲಿ, ರಾಜೇಸಾಬನ ಕೈಯಲ್ಲಿ ಹುಟ್ಟಿದೆ. ನನ್ನ ಮೈ ಎಂದರೆ ಕೆಟ್ಟ ಕಂಪ್ಯೂಟರಿನಿಂದ ಬಿಚ್ಚಿದ ಕಬ್ಬಿಣದ ಡಬ್ಬಿ. ಕಾಯಿಲ್‌ಗಳನ್ನು ಅವನೇ ಒಂದೊಂದು ಸುತ್ತನ್ನೂ ಎಣಿಸುತ್ತ ಸುತ್ತಿದ. ನಡುವೆ ಗಿರಾಕಿ ಬಂದು ಮಾತನಾಡಿಸಿದರೆ ಎಣಿಕೆ ತಪ್ಪುತ್ತಿತ್ತು. ಆಗ ಬಾಯಲ್ಲಿ ಏನೋ ಗೊಣಗಿಕೊಂಡು, ಎಲ್ಲ ಬಿಚ್ಚಿ, ಮತ್ತೆ ಒಂದರಿಂದ ಶುರು ಮಾಡುತ್ತಿದ್ದ. ಇಂಥ ಹುಟ್ಟಿನ ಬಗ್ಗೆ ನನಗೆ ಯಾವತ್ತೂ ನಾಚಿಕೆ ಆಗಿಲ್ಲ.

ನಮ್ಮಲ್ಲೂ ಜಾತಿಗಳಿವೆ. ಹಳೆಯ ಕಾಲದ ಆಂಪ್ಲಿಫೈಯರುಗಳು ಕುಡಿದ ಕರೆಂಟಿನಲ್ಲಿ ಅರ್ಧವನ್ನು ಸುಮ್ಮನೆ ಮೈ ಬಿಸಿ ಮಾಡಿಕೊಳ್ಳಲು ಕಳೆಯುತ್ತವೆ. ನಾನು ಕ್ಲಾಸ್ ಡಿ. ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಕರೆಂಟಿನ ದಾರಿಯನ್ನು ಪೂರ್ತಿ ತೆರೆಯುವುದು, ಪೂರ್ತಿ ಮುಚ್ಚುವುದು, ಇಷ್ಟೇ ನನ್ನ ಕೆಲಸ. ನಡುವೆ ನಿಂತು ಬೇಯುವ ಅಭ್ಯಾಸ ನನಗಿಲ್ಲ. ಅದಕ್ಕೇ ನನ್ನ ಜಾತಿಯವರಿಗೆ ಬ್ಯಾಟರಿ ಬಾಳುತ್ತದೆ. ಇನ್ನೊಂದು ವ್ಯತ್ಯಾಸವಿದೆ. ಹಳೆಯವುಗಳಲ್ಲಿ ಸ್ಪೀಕರಿಗೆ ಹೋಗುವ ಎರಡು ತಂತಿಗಳ ಪೈಕಿ ಕೆಂಪು ತಂತಿಗೆ ಮಾತ್ರ ಜೀವ. ಕರಿ ತಂತಿ ಸತ್ತದ್ದು, ಅದನ್ನು ಕಬ್ಬಿಣದ ಮೈಗೆ ಕಟ್ಟಿದರೂ ಏನೂ ಆಗುವುದಿಲ್ಲ. ನನ್ನಲ್ಲಿ ಎರಡಕ್ಕೂ ಜೀವ. ಕರಿ ತಂತಿ ನನ್ನ ಮೈಗೆ ತಾಗಿತೋ, ಆ ಕಡೆಯ ಚಿಪ್ಪು, ಅಂದರೆ ದನಿ ಹೆಚ್ಚಿಸುವ ಐಸಿ, ಸುಟ್ಟು ಹೋಯಿತು. ಇದನ್ನು ದಯವಿಟ್ಟು ನೆನಪಿಡಿ.

ನನ್ನನ್ನು ಮಾಡಿಸಿದ್ದು ಊರಿನಿಂದ ಮೂರು ಹರದಾರಿ ಆಚೆಯ ಒಂದು ಕಲ್ಲಿನ ಕ್ವಾರಿಯವರು. ಬಂಡೆಗೆ ಮದ್ದು ತುಂಬಿ ತಂತಿ ಜೋಡಿಸಿದ ಮೇಲೆ ಅಲ್ಲಿ ಜನರೇಟರ್ ನಿಲ್ಲಿಸುತ್ತಿದ್ದರು. ಎಲ್ಲಿಂದಲೋ ಕರೆಂಟು ಹಾದು ಮದ್ದು ಹೊತ್ತಿಗೆ ಮೊದಲೇ ಸಿಡಿಯಬಾರದಲ್ಲ. ಹಾಗಾಗಿ ಎಚ್ಚರಿಕೆ ಕೂಗುವುದಕ್ಕೆ ಲಾರಿಯ ಎರಡು ಬ್ಯಾಟರಿಯೇ ಗತಿ. ಅಲ್ಲಿದ್ದ ಹಳೆಯ ಆಂಪ್ಲಿಫೈಯರ್ ಎರಡು ಕೂಗಿಗೇ ಸುಸ್ತಾಗುತ್ತಿತ್ತು.

ಕೂಗುವವನು ದ್ಯಾಮಪ್ಪ. ಅರವತ್ತು ದಾಟಿದವನು, ಇಪ್ಪತ್ತು ವರ್ಷದಿಂದ ಅದೇ ಕೆಲಸ. ಮೂರು ಸಲ ಕೂಗಬೇಕು, ಹತ್ತು ನಿಮಿಷ ಕಾಯಬೇಕು, ಆಮೇಲೆ ಮದ್ದು. ಹಾರ್ನ್‌ಗಳು, ಅಂದರೆ ಅಗಲ ಬಾಯಿಯ ಸ್ಪೀಕರುಗಳು, ಎರಡು. ಒಂದು ಆಫೀಸು ಶೆಡ್ಡಿನ ಮೇಲೆ, ಕಲ್ಲು ಕಡಿಯುವವರ ಕಡೆಗೆ. ಇನ್ನೊಂದು ಗುಡ್ಡದ ಅಂಚಿನಲ್ಲಿ, ಕೆಳಗಿನ ಹಳ್ಳದ ಕಡೆಗೆ. ಹಳ್ಳದಲ್ಲಿ ಹೆಂಗಸರು ಎಮ್ಮೆಗೆ ಹುಲ್ಲು ಕೊಯ್ಯುತ್ತಿದ್ದರು. ದ್ಯಾಮಪ್ಪನ ಹೆಂಡತಿ ಹುಲಿಗೆವ್ವನೂ ಅವರಲ್ಲಿ ಒಬ್ಬಳು. ಕ್ವಾರಿಯ ಕೆಂಪು ಬಾವುಟ ಹಳ್ಳಕ್ಕೆ ಕಾಣುತ್ತಿರಲಿಲ್ಲ, ಶೆಡ್ಡಿನ ಹಾರ್ನಿನ ದನಿ ಗುಡ್ಡ ದಾಟಿ ಇಳಿಯುತ್ತಿರಲಿಲ್ಲ. ಅಂಚಿನ ಹಾರ್ನ್ ಕೂಗಿದರೆ ಬಂಡೆಯ ಮರೆಗೆ ಓಡಬೇಕು, ಕೂಗದಿದ್ದರೆ ಇವತ್ತು ಮದ್ದಿಲ್ಲ ಎಂದು ತಿಳಿಯಬೇಕು. ಅವರ ಜೀವ ನಿಂತಿದ್ದು ಅಷ್ಟರ ಮೇಲೆ.

ರಾಜೇಸಾಬ ಈ ಮಾತನ್ನು ಹಗುರಾಗಿ ತೆಗೆದುಕೊಳ್ಳಲಿಲ್ಲ. ಎರಡು ಹಾರ್ನಿಗೆ ನನ್ನೊಳಗೆ ಎರಡು ಬೇರೆ ಬೇರೆ ಬೋರ್ಡು, ಎರಡು ಫ್ಯೂಜು ಇಟ್ಟ. ಒಂದು ಕೆಟ್ಟರೆ ಇನ್ನೊಂದಾದರೂ ಉಳಿಯಲಿ ಎಂಬುದು ಅವನ ಮುಂದಾಲೋಚನೆ. ಮೊದಲ ಸಲ ಕರೆಂಟು ಕೊಡುವಾಗ ಕಾರಿನ ಹೆಡ್‌ಲೈಟ್ ಬಲ್ಬನ್ನು ನಡುವೆ ಹಾಕಿದ. ಬಲ್ಬು ಉರಿದರೆ ಒಳಗೆಲ್ಲೋ ಶಾರ್ಟ್, ಮಿಣುಕಿ ಆರಿದರೆ ಸರಿ. ಮೊದಲ ಬೋರ್ಡಿಗೆ ಬಲ್ಬು ಧಗ್ಗನೆ ಉರಿಯಿತು. ಚಿಪ್ಪೇ ನಕಲಿ ಮಾಲು. ಅದನ್ನು ಕಿತ್ತೆಸೆದು ಬೇರೆ ತರಿಸಿದ. ಎರಡನೆಯ ಸಲ ಬಲ್ಬು ಮಿಣುಕಿ ಆರಿದಾಗ ಅವನು ಬಿಟ್ಟ ಉಸಿರಿನ ಬಿಸಿ ನನ್ನ ಮೇಲೆ ಬಿತ್ತು. ಆಮೇಲೆ ಹೀಟರಿನ ತಂತಿಯನ್ನು ಬಕೆಟ್ಟಿನ ನೀರಿಗೆ ಇಳಿಬಿಟ್ಟು, ಅದನ್ನೇ ಸ್ಪೀಕರ್ ಎಂದು ನಂಬಿಸಿ, ಮೂರು ತಾಸು ನನ್ನಿಂದ ದುಡಿಸಿದ. ಬಕೆಟ್ಟಿನ ನೀರು ಬೆಚ್ಚಗಾಯಿತು. ನಾನು ತಣ್ಣಗೇ ಇದ್ದೆ. ಅವನ ಹೆಂಡತಿ ಬಂದು, “ಕಾಸಿದ ನೀರರ ಕೊಡ್ರಿ, ಭಾಂಡೆ ತೊಳೀತೀನಿ” ಎಂದು ಬಕೆಟ್ಟು ಎತ್ತಿಕೊಂಡು ಹೋದಳು.

ಕ್ವಾರಿಯಲ್ಲೂ ಅವನು ಬಿಡಲಿಲ್ಲ. ದ್ಯಾಮಪ್ಪನ ಕೈಗೆ ಮೈಕು ಕೊಟ್ಟು, ತಾನೇ ಹಳ್ಳಕ್ಕೆ ಇಳಿದು ಹೋಗಿ ಕೇಳಿಸಿಕೊಂಡ. ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದು ನಗುತ್ತ ಹೇಳಿದ:

“ಕಾಕಾ, ಹಳ್ಳದ ಆ ದಂಡಿತನಾ ಕೇಳ್ತೈತಿ. ಕಾಕಿ ಏನಂದ್ಳು ಗೊತ್ತೇನು? ‘ಇದು ನಮ್ಮ ಮನ್ಯಾರ ದನಿ ಅಲ್ಲ ಬಿಡ್ರಿ, ಇಷ್ಟು ಚಂದ ಅವ್ರು ಯಾವಾಗ ಮಾತಾಡ್ಯಾರ’ ಅಂದ್ಳು.”

ದ್ಯಾಮಪ್ಪ ನಾಚಿ ಮೀಸೆ ತಿರುವಿಕೊಂಡ. ಚಹಾ ಬಂತು. ಕರಿ ತಂತಿಯ ವಿಷಯವನ್ನು ರಾಜೇಸಾಬ ಆಫೀಸಿನಲ್ಲಿ ಮ್ಯಾನೇಜರನಿಗೆ ಬಿಡಿಸಿ ಹೇಳಿದ. ಮ್ಯಾನೇಜರ್ ಫೋನು ನೋಡುತ್ತ ತಲೆಯಾಡಿಸಿದ. ದೊಡ್ಡವರಿಗೆ ಹೇಳಿದರೆ ಎಲ್ಲರಿಗೂ ಹೇಳಿದಂತೆ ಎಂದು ರಾಜೇಸಾಬ ತಿಳಿದ. ನನ್ನನ್ನು ದಿನಾ ಮುಟ್ಟುವವನು ದ್ಯಾಮಪ್ಪ. ಅವನಿಗೆ ಹೇಳಲಿಲ್ಲ. ಇಷ್ಟೆಲ್ಲ ಪರೀಕ್ಷೆ ಮಾಡಿದ ಮನುಷ್ಯ ಆ ಒಂದು ಮಾತು ಬಿಟ್ಟು ಬೈಕು ಹತ್ತಿದ.

ಏಳು ತಿಂಗಳು ನಾನು ಮರ್ಯಾದೆಯಿಂದ ಬಾಳಿದೆ. ದ್ಯಾಮಪ್ಪ ದಿನಾ ನನ್ನ ಮೇಲಿನ ಕಲ್ಲಿನ ಪುಡಿಯನ್ನು ತನ್ನ ಹೆಗಲ ವಲ್ಲಿಯಿಂದ ಒರೆಸುತ್ತಿದ್ದ. “ಮದ್ದು ಸಿಡೀತೈತಿ, ಮರಿಗೆ ಹೋಗ್ರಿ” ಎಂದು ಮೂರು ಸಲ ಕೂಗುತ್ತಿದ್ದ. ಹೆಂಡತಿಯ ಹೆಸರು ಹಿಡಿದು ಕರೆಯುವ ರೂಢಿ ಅವನಿಗೆ ಇರಲಿಲ್ಲ, ಅದೂ ಮೈಕಿನಲ್ಲಿ. ಹಾಗಂತ ಬಿಡಲೂ ಮನಸ್ಸಿಲ್ಲ. ಮೂರನೆಯ ಕೂಗಿನ ಬಾಲಕ್ಕೆ “ಗಿಡ್ಡೆಮ್ಮಿ ಮನ್ಯಾಕಿನೂ ಕೇಳು” ಎಂದು ಸೇರಿಸುತ್ತಿದ್ದ. ಅವರ ಮನೆಯ ಎಮ್ಮೆ ಗಿಡ್ಡ. ಕಲ್ಲು ಕಡಿಯುವವರು ಹೋ ಎಂದು ನಗುತ್ತಿದ್ದರು. ಅಲ್ಲಿ ದಿನಕ್ಕೊಂದು ನಗು ಎಂದರೆ ಅದೇ.

ಆ ದಿನ ಅಮಾವಾಸ್ಯೆ. ಉಳಿದ ಹೆಂಗಸರು ಹಳ್ಳಕ್ಕೆ ಬಂದಿರಲಿಲ್ಲ, ಹುಲಿಗೆವ್ವ ಬಂದಿದ್ದಳು. ಹಬ್ಬ ಇದ್ದರೂ ಎಮ್ಮೆ ಉಪವಾಸ ಇರುತ್ತದೆಯೇ? ಮಧ್ಯಾಹ್ನದ ಹೊತ್ತಿಗೆ ಪಡುವಣದಲ್ಲಿ ಮೋಡ ಕಟ್ಟಿತು, ದೂರದಲ್ಲಿ ಗುಡುಗಿತು. ಬಂಡೆಗೆ ಆಗಲೇ ಮದ್ದು ತುಂಬಿತ್ತು. “ಮಳಿ ಬರೋದ್ರೊಳಗ ಮುಗಸ್ರಿ, ಲಗೂ ಲಗೂ” ಎಂದು ಮ್ಯಾನೇಜರ್ ಅವಸರ ಮಾಡಿದ.

ಗುಡುಗೆಂದರೆ ದ್ಯಾಮಪ್ಪನಿಗೆ ಮೊದಲಿನಿಂದಲೂ ಅಂಜಿಕೆ. ಅಂಚಿನ ಹಾರ್ನ್ ಎತ್ತರದ ಕಂಬದ ಮೇಲಿದೆ, ಸಿಡಿಲು ಹೊಡೆದರೆ ತಂತಿಗುಂಟ ಬಂದು ಮಷೀನು ಹಾಳಾಗುತ್ತದೆ ಎಂದುಕೊಂಡ. ಕರಿ ತಂತಿಯನ್ನು ಮೈಗೆ ಕಟ್ಟಿದರೆ ಸಿಡಿಲು ನೆಲಕ್ಕೆ ಇಳಿದು ಹೋಗುತ್ತದೆ ಎಂದು ನಂಬಿ, ಹಳೆಯ ಆಂಪ್ಲಿಫೈಯರಿಗೆ ಇಪ್ಪತ್ತು ವರ್ಷ ಮಾಡಿದ್ದನ್ನೇ ಮಾಡಿದ. ಆ ಹಾರ್ನಿನ ಕರಿ ತಂತಿಯ ಮೈಯನ್ನು ಹಲ್ಲಿನಿಂದ ಸುಲಿದ. ನನ್ನ ಬೆನ್ನಿನ ಸ್ಕ್ರೂ ಸಡಿಲಿಸಿ, ಅದರ ಕೆಳಗೆ ತಂತಿಯನ್ನು ಎರಡು ಸುತ್ತು ಸುತ್ತಿ, ಗಟ್ಟಿಯಾಗಿ ಬಿಗಿದ. ಕೂಸಿಗೆ ಕುಲಾವಿ ಕಟ್ಟುವಷ್ಟು ಅಕ್ಕರೆಯಿಂದ ಬಿಗಿದ. ನನ್ನನ್ನು ಉಳಿಸಬೇಕು ಎಂಬುದೊಂದೇ ಅವನ ಮನಸ್ಸಿನಲ್ಲಿತ್ತು. ಬೇಡ ಎನ್ನಲು ನನಗೆ ಬಾಯಿ ಎಲ್ಲಿದೆ? ಇದ್ದ ಬಾಯಿ ಅವನದೇ.

ಸ್ವಿಚ್ಚು ಹಾಕಿದ. ನನ್ನೊಳಗೆ ಚಿಟ್ ಎಂದಿತು. ಹಳ್ಳದ ಕಡೆಯ ಚಿಪ್ಪು ಸುಟ್ಟಿತು, ಅದರ ಫ್ಯೂಜು ಹೋಯಿತು. ಶೆಡ್ಡಿನ ಕಡೆಯದು, ರಾಜೇಸಾಬನ ಮುಂದಾಲೋಚನೆಯಂತೆ, ಉಳಿಯಿತು. ಎರಡೂ ಸತ್ತಿದ್ದರೆ ದ್ಯಾಮಪ್ಪನಿಗೆ ತಿಳಿಯುತ್ತಿತ್ತು, ಮದ್ದು ನಿಲ್ಲಿಸುತ್ತಿದ್ದ. ನಾನು ಅರ್ಧ ಬದುಕಿದ್ದೇ ಅನರ್ಥವಾಯಿತು. ತಲೆಯ ಮೇಲಿನ ಹಾರ್ನ್ ಕಿವಿ ಗಡಚಿಕ್ಕುವಂತೆ ಕೂಗುವಾಗ ಅಂಚಿನದು ಮೂಕಾಗಿದೆ ಎಂದು ಯಾರಿಗೆ ಗೊತ್ತಾಗಬೇಕು? ಅವನು ಮೂರು ಸಲ ಕೂಗಿದ. ಗಿಡ್ಡೆಮ್ಮೆಯ ಮಾತನ್ನೂ ಆಡಿದ. ಜನ ನಕ್ಕರು. ಹತ್ತು ನಿಮಿಷ ಕಾದರು. ಮದ್ದು ಸಿಡಿಸಿದರು.

ಹುಲಿಗೆವ್ವನ ಹೆಣವನ್ನು ಹೊರಸಿನ ಮೇಲೆ ಹೊತ್ತು ತಂದು ಶೆಡ್ಡಿನ ಮುಂದೆ ಇಳಿಸಿದಾಗ ಮಳೆ ಶುರುವಾಗಿತ್ತು. ಕುಡುಗೋಲು ಇನ್ನೂ ಕೈಯಲ್ಲೇ ಇತ್ತು ಎಂದು ಹೊತ್ತವರು ಹೇಳಿದರು. ದ್ಯಾಮಪ್ಪ ಅಳಲಿಲ್ಲ. “ನಾ ಹೇಳೀನಲ್ಲ, ನಾ ಮೂರು ಸಲ ಹೇಳೀನಲ್ಲ” ಎಂದು ಒಬ್ಬೊಬ್ಬರ ಮುಖ ನೋಡಿ ಕೇಳುತ್ತಿದ್ದ. ಹೌದು, ನಾವು ಕೇಳೀವಿ ಎಂದು ಎಲ್ಲರೂ ಹೇಳಿದರು.

ಪೊಲೀಸರು ನನ್ನನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಅರಗಿನ ಮುದ್ರೆ ಒತ್ತಿ, ಚೀಟಿ ಕಟ್ಟಿದರು. ಅಲ್ಲಿಂದ ನಾನು ಆಂಪ್ಲಿಫೈಯರ್ ಅಲ್ಲ, ಮುದ್ದೆಮಾಲು, ಕೇಸಿನ ಸಾಕ್ಷಿ ಸಾಮಾನು. ಮನೆಯಲ್ಲಿ ಮಾಡಿದ ಮಷೀನು, ಕಂಪನಿ ಮಾಲಲ್ಲ, ತಮಗೆ ಏನೂ ಗೊತ್ತಿಲ್ಲ ಎಂದು ಮ್ಯಾನೇಜರ್ ಬರೆದುಕೊಟ್ಟ. ರಾಜೇಸಾಬನನ್ನು ಅಂಗಡಿಯಿಂದಲೇ ಕರೆದೊಯ್ದರು. ತಜ್ಞರು ಎನ್ನಿಸಿಕೊಂಡ ಒಬ್ಬರು ನನ್ನ ಮುಚ್ಚಳ ತೆಗೆದು, ಸುಟ್ಟ ಚಿಪ್ಪು ನೋಡಿ, ‘ಕಳಪೆ ತಯಾರಿಕೆ’ ಎಂದು ಬರೆದರು. ಸ್ಕ್ರೂ ಕೆಳಗಿನ ಕರಿ ತಂತಿಯನ್ನೂ ನೋಡಿದರು. ‘ಮೈಗೆ ಅರ್ಥಿಂಗ್ ಸರಿಯಾಗಿದೆ’ ಎಂದು ಅದನ್ನು ಮಾತ್ರ ಹೊಗಳಿದರು. ಅವರೂ ಹಳೆಯ ಕಾಲದವರೇ.

ಎರಡು ವರ್ಷಕ್ಕೆ ವಿಚಾರಣೆ ಬಂತು. ಕೋರ್ಟಿನಲ್ಲಿ ದ್ಯಾಮಪ್ಪ ಕಟಕಟೆ ಹತ್ತಿ ಹೇಳಿದ್ದು ಒಂದೇ ಮಾತು. “ನಾ ಹೇಳೀನ್ರಿ. ಮಷೀನ ಹೇಳಲಿಲ್ಲ.” ನಡು ಬಗ್ಗಿತ್ತು. ಮೀಸೆ ಬೋಳಿಸಿದ್ದ.

ಆಮೇಲೆ ನನ್ನನ್ನು ಗುರುತಿಸಲು ರಾಜೇಸಾಬನ ಕೈಗೆ ಕೊಟ್ಟರು. ಎಷ್ಟು ದಿನದ ಮೇಲೆ ಆ ಕೈ! ಅವನು ನನ್ನನ್ನು ತಿರುಗಿಸಿದ. ಹೆಬ್ಬೆರಳು ಬೆನ್ನಿನ ಸ್ಕ್ರೂ ಹತ್ತಿರ ಬಂದು ನಿಂತಿತು. ಹಲ್ಲಿನಿಂದ ಸುಲಿದ ತಂತಿ, ಎರಡು ಸುತ್ತು, ಬಿಗಿ ಕಟ್ಟು. ಅವನಿಗೆ ಎಲ್ಲ ತಿಳಿದು ಹೋಯಿತು. ಅದನ್ನು ಎತ್ತಿ ತೋರಿಸಿದ್ದರೆ ಅವನು ಅವತ್ತೇ ಮನೆಗೆ ಹೋಗುತ್ತಿದ್ದ. ತೋರಿಸಿದ್ದರೆ, ಹೆಂಡತಿಯ ಕಿವಿಗೆ ದನಿ ಹೋಗದಂತೆ ಮಾಡಿದ್ದು ತನ್ನದೇ ಕೈ ಎಂದು ಎದುರಿಗಿದ್ದ ಮುದುಕನಿಗೂ ತಿಳಿಯುತ್ತಿತ್ತು.

“ಇದು ನೀವು ಮಾಡಿದ್ದೇನು?” ಎಂದು ಸರ್ಕಾರಿ ವಕೀಲರು ಕೇಳಿದರು.

ಅವನ ಉಗುರು ಸ್ಕ್ರೂ ಕೆಳಗೆ ಹೋಯಿತು. ಯಾರಿಗೂ ಕಾಣದಂತೆ ತಂತಿಯನ್ನು ಎಳೆದು ಸಡಿಲು ಮಾಡಿ, ಬಿಡಿಸಿ, ಉಳಿದ ತಂತಿಗಳ ಗೊಂಚಲಿಗೆ ಸೇರಿಸಿಬಿಟ್ಟ. ಅವನ ಬೆರಳ ಬೆವರು ನನಗೆ ಹತ್ತಿತು.

“ಹೌದ್ರಿ, ನಾನ ಮಾಡಿದ್ದು. ತಪ್ಪು ನಂದ,” ಎಂದ.

ಅವನು ಹೇಳಿದ್ದು ಪೂರ್ತಿ ಸುಳ್ಳಲ್ಲ ಎಂದು ನನಗೆ ಗೊತ್ತು. ಚಹಾ ಕುಡಿಯುವ ಹೊತ್ತಿನಲ್ಲಿ ಆಡದೆ ಬಿಟ್ಟ ಒಂದು ಮಾತು ಅವನ ಲೆಕ್ಕಕ್ಕೇ ಸೇರಬೇಕು. ಆದರೆ ಅದಕ್ಕೆ ಒಂದು ವರ್ಷ ಜೈಲೇ? ಊರೆಲ್ಲ ಕೊಲೆಗಾರ ಎನ್ನುವುದೇ? ಹೊರಗೆ ಜಗಲಿಯ ಮೇಲೆ ದ್ಯಾಮಪ್ಪ ಅವನ ಕೆನ್ನೆಗೆ ಹೊಡೆದ ಸದ್ದು ಒಳಗೆ ಮೇಜಿನ ಮೇಲಿದ್ದ ನನಗೂ ಕೇಳಿಸಿತು.

ಬಹಳ ವರ್ಷ ಉಗ್ರಾಣದಲ್ಲಿ ಕೊಳೆತೆ. ಇಲಿಗಳು ನನ್ನ ಬಟ್ಟೆ ತಿಂದವು. ಕೊನೆಗೆ ಬೇಡವಾದ ಮಾಲಿನ ಜೊತೆ ತೂಕಕ್ಕೆ ಹಾಕಿದರು. ಗುಜರಿ ಅಂಗಡಿಗೆ ಬಂದು ಬಿದ್ದಾಗ, ಅಲ್ಲಿ ನೆಲದ ಮೇಲೆ ಕೂತು ಹಳೆಯ ಮೋಟಾರುಗಳ ತಾಮ್ರ ಬಿಡಿಸುತ್ತಿದ್ದವನು ರಾಜೇಸಾಬ. ಜೈಲಿನಿಂದ ಬಂದ ಮೇಲೆ ಅವನ ಕೈಗೆ ಯಾರೂ ಒಂದು ಟಾರ್ಚನ್ನೂ ರಿಪೇರಿಗೆ ಕೊಡಲಿಲ್ಲವಂತೆ. ಕಟ್ಟುವ ಕೈಗೆ ಈಗ ಒಡೆಯುವ ಕೆಲಸ. ನನ್ನನ್ನು ಗುರುತು ಹಿಡಿದ. ಪಕ್ಕಕ್ಕೆ ಎತ್ತಿಟ್ಟ.

ಇವತ್ತು ಮುಂಜಾನೆ ಗುಜರಿಯ ಯಜಮಾನ ಬಂದು, “ಏ ಸಾಬ, ಕ್ವಾರಿ ದ್ಯಾಮಪ್ಪ ಹೋದನಂತಪಾ ನಿನ್ನಿ” ಎಂದ. ರಾಜೇಸಾಬ ಕೈ ತೊಳೆದುಕೊಂಡು ಎದ್ದು ಹೋದ. ತಾಸಿನೊಳಗೆ ತಿರುಗಿ ಬಂದ. ಅಂಗಿಯ ಗುಂಡಿ ಕಿತ್ತುಹೋಗಿತ್ತು. ದ್ಯಾಮಪ್ಪನ ಮಗ ಬಾಗಿಲಲ್ಲೇ ಹಿಡಿದು, “ನಮ್ಮವ್ವನ್ನ ತಿಂದಾವ, ಯಾವ ಮುಖಾ ಹೊತ್ತು ಬಂದಿ?” ಎಂದು ದಬ್ಬಿದನಂತೆ. ಯಜಮಾನನೇ ಕೇಳಿ ತಿಳಿದು ಮರುಗಿದ. “ನೀ ಏನಂದಿ?” ಎಂದು ಕೇಳಿದ.

“ಏನನ್ಲಿ? ಹೌದಪಾ ಅಂದೆ,” ಎಂದ ರಾಜೇಸಾಬ.

ಮುದುಕ ಸತ್ತಿದ್ದಾನೆ, ಇನ್ನು ಯಾರ ಎದೆಯೂ ಒಡೆಯುವುದಿಲ್ಲ ಎಂದು ನಾನು ನಿಮಗೆ ಇಷ್ಟೆಲ್ಲ ಹೇಳಿದೆ. ರಾಜೇಸಾಬ ಇನ್ನೂ ಹೇಳಿಲ್ಲ, ಹೇಳುವುದೂ ಇಲ್ಲ. ತಾಯಿಯನ್ನು ಕಳೆದುಕೊಂಡ ಆ ಮಗ ನಾಳೆ ತಂದೆಯ ಗೋರಿಗೆ ಮನಸ್ಸಿನಲ್ಲಿ ಕಹಿಯಿಲ್ಲದೆ ಹಾಲು ಹಾಕಬೇಕಲ್ಲ. ಈಗ ರಾಜೇಸಾಬ ನನ್ನನ್ನು ತೊಡೆಯ ಮೇಲೆ ಎಳೆದುಕೊಂಡು ಮುಚ್ಚಳ ತೆಗೆದಿದ್ದಾನೆ. ತಾಮ್ರ ಬೇರೆ, ಕಬ್ಬಿಣ ಬೇರೆ ಮಾಡಬೇಕು. ಮಾಡಲಿ. ಬೇರೆ ಯಾರ ಕೈಯೂ ನನಗೆ ಬೇಡ.