ಸಾಹುಕಾರರ ಕಾಂಟೆಸ್ಸಾಕ್ಕೆ ಹೊಸ ಎಂಜಿನ್

ಮೆಕ್ಯಾನಿಕ್ ಭೋಜನ ಗ್ಯಾರೇಜೆಂದರೆ ನಾಲ್ಕು ಕಂಬ, ಮೇಲೊಂದು ತಗಡು. ಗಂಗೊಳ್ಳಿಯಲ್ಲಿ ಬೋಟುಗಳು ತಂಗುವ ದಕ್ಕೆಯ ಹಿಂದೆ ಐಸ್ ಪ್ಲಾಂಟಿನ ಗೋಡೆಗೆ ಒರಗಿ ನಿಂತಿತ್ತು. ಜಾಗ ಉಮಾನಾಥ ಸಾಹುಕಾರರದು, ಗೋಡೆ ಅವರದು, ಕರೆಂಟೂ ಅವರದೇ. ಭೋಜನದು ಅಂತ ಇದ್ದದ್ದು ಸ್ಪ್ಯಾನರುಗಳು ಮತ್ತು ಸೊಂಟನೋವು. ಬೋಟಿನ ಎಂಜಿನ್ ರಿಪೇರಿ ಅವನ ಕಸುಬು. ಬೋಟುಗಳ ಹೊಟ್ಟೆಯೊಳಗೆ ಬಗ್ಗಿ ಬಗ್ಗಿ, ತಲೆ ಹಣ್ಣಾಗುವ ಮೊದಲೇ ಬೆನ್ನು ಮುದುಕನದಾಗಿತ್ತು.

ಅಂಥವನ ಮುಂದೆ ಸಾಹುಕಾರರು ತಮ್ಮ ಕಾಂಟೆಸ್ಸಾ ತಂದು ನಿಲ್ಲಿಸಿದರು. ಅವರಪ್ಪ ಮುಂಬೈ ಹೋಟೆಲಿನ ದುಡ್ಡಲ್ಲಿ ಕೊಂಡ ಕಾರು. ಬಡವರ ಮನೆಯ ಚಾವಡಿಗಿಂತ ಅದರ ಹಿಂದಿನ ಸೀಟೇ ದೊಡ್ಡದು. ಮಗಳು ಪ್ರೇಕ್ಷಾಳ ನಿಶ್ಚಿತಾರ್ಥಕ್ಕೆಂದು ಅಮಾಸೆಬೈಲಿಗೆ ಹೋಗುವಾಗ ಏರಿನಲ್ಲಿ ಕೆಮ್ಮಿ ಕೂತುಬಿಟ್ಟಿತಂತೆ. ಗಂಡಿನ ಕಡೆಯವರು ನಕ್ಕರಂತೆ. ಅಯ್ಯೋ ದೇವರೇ, ಈ ಸಾಹುಕಾರರ ಮಾನ ಎಂಥ ನಾಜೂಕಿನ ಸಾಮಾನು!

"ಹ್ವಾಯ್ ಭೋಜ, ಈ ಪೆಟ್ರೋಲ್ ಎಂಜಿನ್ ತೆಗ್ದ್ ಬಿಸಾಡ್. ದೊಡ್ಡ್ ಡೀಸೆಲ್ ಎಂಜಿನ್ ಬಂದಿತ್, ಅದನ್ನ್ ಕೂರ್ಸ್. ಮಗ್ಳ್ ಮದಿ ದಿನ ಏರಲ್ಲಿ ಹುಲಿ ಹಾಂಗ್ ಹೋಯ್ಕ್."

"ನಾ ಬೋಟಿನ್ ಮೆಕ್ಯಾನಿಕ್ ಅಲ್ದಾ ಸೌಕಾರ್ರೆ. ಕಾರಿನ್ ಕೆಲ್ಸ ಕುಂದಾಪ್ರದಗೆ ಲಾಯ್ಕ್ ಮಾಡ್ತ್ರ್."

"ಕುಂದಾಪ್ರದವ್ರ್ ಊರಿಗೆಲ್ಲ ಹೇಳ್ಕಂಡ್ ಬತ್ರ್. ನೀ ಬಾಯ್ ಮುಚ್ಕಂಡ್ ಮಾಡ್."

ಐಸ್ ಪ್ಲಾಂಟಿನ ಹಿಂದಿನ ಕೋಣೆಯಿಂದ ಟಾರ್ಪಾಲು ಹೊದೆಸಿದ ಎಂಜಿನ್ ಬಂತು. ಮೈತುಂಬ ಹೊಸ ನೀಲಿ ಬಣ್ಣ. ಭೋಜ ಚೈನ್ ಪುಲ್ಲಿ ಕಟ್ಟಿ ಹಳೆಯದನ್ನು ಎತ್ತಿ ಇಳಿಸಿದ. ಹೊಸದು ಎತ್ತರ ಜಾಸ್ತಿ, ಬಾನೆಟ್ ಮುಚ್ಚುತ್ತಿರಲಿಲ್ಲ. ಎಂಜಿನ್ ಕೂರುವ ಕಾಲುಗಳನ್ನು ಕತ್ತರಿಸಿ ಕೆಳಗಿಳಿಸಿ ಬೆಸುಗೆ ಹಾಕಿದ. ಹಿಂದಿನ ಚಕ್ರಕ್ಕೆ ಬಲ ಒಯ್ಯುವ ಉದ್ದನೆಯ ಶಾಫ್ಟನ್ನು ಲೇತಿನಲ್ಲಿ ಗಿಡ್ಡ ಮಾಡಿಸಿದ. ಬೋಟಿನಲ್ಲೂ ಹೀಗೇ ತಾನೇ, ನೂಕುವುದೆಲ್ಲ ಹಿಂದಿನಿಂದ. ಕೈಗೆ ಕೆಲಸ ಹಿಡಿಯಿತು, ಮನಸ್ಸಿಗೂ ಹಿಡಿಯಿತು.

ಎಣ್ಣೆ ಜಿನುಗುತ್ತಿದೆಯೆಂದು ಒಂದು ದಿನ ಎಂಜಿನ್ನಿನ ಬುಡವನ್ನು ಸೀಮೆಎಣ್ಣೆ ಬಟ್ಟೆಯಿಂದ ತಿಕ್ಕಿದ. ನೀಲಿ ಬಣ್ಣ ಕಿತ್ತು ಬಂತು. ಕೆಳಗೊಂದು ಕಬ್ಬಿಣದ ಪಟ್ಟಿ. ಪಟ್ಟಿಯ ತುದಿಯಲ್ಲಿ ಚಿಲಕದ ತೂತು.

ಭೋಜ ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟ.

ಆ ಬೆಸುಗೆ ಅವನದೇ. ಸಾಹುಕಾರರ 'ಮತ್ಸ್ಯಶ್ರೀ' ಬೋಟಿನ ಎಂಜಿನ್ ಬಿರುಕು ಬಿಟ್ಟಾಗ, ಅವರಿಗೆ ತಿಳಿಸದೆ, ತಂಗಿಯ ಗಂಡ ದೇವು ತನ್ನ ಮನೆ ಬಾಗಿಲಿನ ಚಿಲಕ ಕಿತ್ತು ತಂದಿದ್ದ. "ಹಾಕ್ ಭಾವ. ಕಳ್ರ್ ಬಂದ್ರೂ ನಮ್ಮನಿಯಗೆ ಎಂತ ಕದಿತ್ರ್?" ಅಂತ ನಕ್ಕಿದ್ದ. ಅದೇ ಮತ್ಸ್ಯಶ್ರೀ ಕಳೆದ ಮಳೆಗಾಲದ ಕೊನೆಯಲ್ಲಿ ದೇವು, ಬೋಟು ನಡೆಸುವ ತಂಡೇಲ ಅಶೋಕ, ಮುದುಕಿ ಅಪ್ಪಿಯ ಮಗ ರತನ್ ಮೂವರನ್ನೂ ಹೊತ್ತು ಕಡಲಿಗೆ ಹೋದದ್ದು ಮರಳಲಿಲ್ಲ. "ಕಡೇ ಫೋನ್ ಮಲ್ಪೆ ಕಡಿಂದ ಬಂದಿತ್, ಬೋಟ್ ಪೂರ್ತಿ ಮುಳ್ಗಿತ್" ಎಂದು ಹೇಳಿದವರು ಇದೇ ಸಾಹುಕಾರರು. ಊರಿನ ಬೋಟುಗಳೆಲ್ಲ ದಕ್ಷಿಣಕ್ಕೆ ಹೋಗಿ ಮಲ್ಪೆಯ ಹೊರಗೆ ಜಾಲಾಡಿದವು. ಒಂದು ಹಲಗೆಯೂ ಸಿಗಲಿಲ್ಲ.

ಮುಳುಗಿದ ಬೋಟಿನ ಎಂಜಿನ್ ನೀಲಿ ಬಣ್ಣ ಬಳಿದುಕೊಂಡು ನಡೆದು ಬಂತೇ?

ಅಂದಿನಿಂದ ಭೋಜನಿಗೆ ಊಟ ಸೇರಲಿಲ್ಲ. ಎಂಜಿನ್ ಮುಟ್ಟಿದರೆ ಯಾರದೋ ಮೈ ಮುಟ್ಟಿದ ಹಾಗಾಗುತ್ತಿತ್ತು. ಬಗ್ಗಿ ಬೋಲ್ಟು ಬಿಗಿಯುವಾಗ "ಭಾವ" ಎಂದು ಪಕ್ಕದಲ್ಲೇ ಕರೆದಂತಾಗಿ ತಿರುಗಿ ನೋಡುತ್ತಿದ್ದ. ಮನೆಗೆ ಹೋದರೆ ಮುಂದೆ ತಂಗಿ ಜಲಜ. ಹೆಣ ಸಿಗದೆ ದೇವುವಿನ ಉತ್ತರಕ್ರಿಯೆ ಆಗಿಲ್ಲ. ಹಣೆಗೆ ಕುಂಕುಮ ಇಟ್ಟರೆ ಕೆಲವರು ಆಡಿಕೊಳ್ಳುತ್ತಾರೆ, ಅಳಿಸಿದರೆ ಅತ್ತೆ ಬೈಯುತ್ತಾಳೆ. ಸರಕಾರಿ ಕಚೇರಿಯವರಿಗೆ ಅವಳ ಗಂಡ ಬರೀ 'ಕಾಣೆಯಾದವನು'. ಪಾಪದ ಹೆಣ್ಣು, ಇತ್ತ ಹೆಂಡತಿಯೂ ಅಲ್ಲ, ಅತ್ತ ವಿಧವೆಯೂ ಅಲ್ಲ.

"ಎಂತ ಅಣ್ಣ, ಮೈಯಗೆ ಹುಷಾರಿಲ್ಯಾ?" ಅವಳು ಕೇಳಿದಳು.

"ಎಂತ ಇಲ್ಲೆ, ಸೊಂಟನೋವ್."

ಹೇಳಲಾರದೆ ಹೋದ. ಹೇಳಿದರೆ ಗ್ಯಾರೇಜು ಹೋಗುತ್ತದೆ, ಅನ್ನ ಹೋಗುತ್ತದೆ. ಹೇಳದಿದ್ದರೆ? ಗಂಟಲಲ್ಲಿ ಮೀನಿನ ಮುಳ್ಳು ಇಟ್ಟುಕೊಂಡು ಎಷ್ಟು ದಿನ ಬದುಕುವುದು?

ಕಡೆಗೊಂದು ಮಧ್ಯಾಹ್ನ ಕೆಲಸ ಮುಗಿಯಿತು. ಬೇಕೆಂದೇ ಸೈಲೆನ್ಸರ್ ಹಾಕಲಿಲ್ಲ. ಬೋಟಿಗೆ ಹಾಕುವಂಥ ಮೋಟು ಕೊಳವೆಯೊಂದನ್ನು ಬಿಗಿದು ಕೀಲಿ ತಿರುಗಿಸಿದ. ಎಂಜಿನ್ ಒಮ್ಮೆ ಗುಡುಗಿ, ಆಮೇಲೆ ತನ್ನ ಹಳೆಯ ಚಾಳಿಯಂತೆ ನಡುನಡುವೆ ಒಂದು ಪೆಟ್ಟು ತಪ್ಪಿಸುತ್ತಾ, ಕುಂಟುತ್ತಾ ಓಡತೊಡಗಿತು.

ಗಂಗೊಳ್ಳಿಯ ಹೆಂಗಸರ ಕಿವಿ ಗೊತ್ತಲ್ಲ. ಹೊಳೆ ಕಡಲು ಸೇರುವ ಅಳಿವೆಯನ್ನು ಬೋಟು ದಾಟುವ ಮೊದಲೇ, ಅದು ಯಾರದೆಂದು ಸದ್ದಿನಲ್ಲೇ ಹೇಳುತ್ತಾರೆ. ಮೀನು ಆಯುತ್ತಿದ್ದವರ ಕೈ ನಿಂತಿತು. "ಮತ್ಸ್ಯಶ್ರೀ! ಮತ್ಸ್ಯಶ್ರೀ ಬಂತ್!" ಎಂದು ಯಾರೋ ಕೂಗಿದರು. ಜಲಜ ಬುಟ್ಟಿ ಕಂಕುಳಲ್ಲೇ ಇಟ್ಟುಕೊಂಡು ದಕ್ಕೆಯ ತುದಿಗೆ ಓಡಿದಳು. ಕಾಲು ಸರಿಯಿಲ್ಲದ ಮುದುಕಿ ಅಪ್ಪಿಯೂ ಓಡಿದಳು. ಎಲ್ಲರೂ ಅಳಿವೆಯ ಕಡೆಗೆ ಕಣ್ಣು ನೆಟ್ಟು ನಿಂತರು. ನೀರು ಖಾಲಿ. ಸದ್ದು ಮಾತ್ರ ಬರುತ್ತಲೇ ಇತ್ತು, ಬೆನ್ನ ಹಿಂದಿನಿಂದ.

ಮೊದಲು ತಿರುಗಿದವಳು ಜಲಜ. ಗ್ಯಾರೇಜಿಗೆ ಬಂದು ತೆರೆದ ಬಾನೆಟ್ಟಿನೊಳಗೆ ನೋಡಿದಳು. ಭೋಜ ಟಾರ್ಚು ಹಿಡಿದು ಪಟ್ಟಿ ತೋರಿಸಿದ. ತನ್ನ ಮನೆಯ ಚಿಲಕ ಯಾವ ಹೆಂಗಸಿಗೆ ಗೊತ್ತಾಗುವುದಿಲ್ಲ? ಅವಳು ಅಳಲಿಲ್ಲ. ಅದನ್ನು ನೋಡಿ ಭೋಜನಿಗೆ ಅಳು ಬಂತು.

ಸದ್ದಿಗೆ ಸಾಹುಕಾರರು ಓಡಿಬಂದರು. "ಎಂತ ಸಂತಿ ಇದ್? ಭೋಜ, ಬಂದ್ ಮಾಡ್! ಅದ್ ಮಂಗ್ಳೂರಿನ್ ಗುಜರಿಯಗೆ ತಕಂಡದ್!"

"ಜಲಜನ ಮನಿ ಚಿಲ್ಕ ಮಂಗ್ಳೂರಿಗ್ ಹ್ಯಾಂಗ್ ಹೋಯ್ತ್ ಸೌಕಾರ್ರೆ?"

"ಉಂಡ ಮನಿ ಜಂತಿ ಎಣ್ಸ್ತ್ಯಾ? ನಾಳಿಗ್ ಈ ತಗಡ್ ಇರುದಿಲ್ಲೆ, ಕಾಣ್!"

"ಇಲ್ದಿರ್ಲಿ." ಭೋಜನಿಗೇ ತನ್ನ ಸ್ವರ ಹೊಸದಾಗಿ ಕೇಳಿತು. "ಎಂಜಿನ್ ಎಲ್ ಸಿಕ್ಕಿತ್, ಹೇಳಿ."

ಅಪ್ಪಿ ಕೋಲೂರಿ ಅವರ ಎದುರು ನಿಂತಳು. "ಎಂಜಿನ್ ಬಂತ್. ನನ್ ರತನ್ ಎಲ್ಲಿ ಮಗಾ?"

ಹೆಂಗಸರು ಸುತ್ತ ಕಟ್ಟಿದರು. ಸಾಹುಕಾರರು ಹಿಂದೆ ಸರಿದರೆ ಕಾರು, ಮುಂದೆ ಸರಿದರೆ ಅಪ್ಪಿ.

"ಭಟ್ಕಳದ ಆಚಿ... ಕಡಲ್ ಬದಿ ಬಂಡಿಕಲ್ಲ್ ಮೇಲ್ ಬೋಟ್ ಮಗ್ಚ್ಕಂಡ್ ಬಿದ್ದಿದಿತ್. ಒಳ್ಗ್ ಯಾರೂ ಇರ್ಲಿಲ್ಲೆ, ದೇವ್ರಾಣೆ. ಮುಳ್ಗಿತ್ ಅಂದ್ರೆ ಮಾತ್ರ ಇನ್ಶೂರೆನ್ಸಿನವ್ರ್ ಪೂರ್ತಿ ಕೊಡುದ್, ಅದ್ಕೆ..."

"ಯಾವತ್ತ್ ಸಿಕ್ಕಿತ್?" ಜಲಜ ಕೇಳಿದಳು.

"ಮರ್ದಿನ."

ಮರುದಿನ. ಮರುದಿನ ಊರಿನ ಗಂಡಸರೆಲ್ಲ ಮಲ್ಪೆಯ ಕಡಲಲ್ಲಿ ಹೆಸರು ಹಿಡಿದು ಕೂಗುತ್ತಿದ್ದರು. ಭೋಜನೂ ಕೂಗಿದ್ದ, ಗಂಟಲು ಹರಿಯುವ ತನಕ. ಕೂಗಬೇಕಾದ ಕಡಲು ಉತ್ತರದಲ್ಲಿ, ಬೇರೆಯೇ ಇತ್ತು.

ಯಾರೂ ಸಾಹುಕಾರರ ಮೈ ಮುಟ್ಟಲಿಲ್ಲ. ಜಲಜ ಕಾರಿನ ಹಿಂದಿನ ಬಾಗಿಲು ತೆಗೆದು, ಬುಟ್ಟಿ ಸಮೇತ ಒಳಗೆ ಕೂತಳು. ಅಪ್ಪಿಯನ್ನು ಕೈ ಹಿಡಿದು ಹತ್ತಿಸಿಕೊಂಡಳು. ಅಶೋಕನ ಹೆಂಡತಿ ಇನ್ನೊಂದು ಬದಿಯಿಂದ ಹತ್ತಿದಳು.

"ಇಳಿನಿ! ಮದಿ ಕಾರ್ ಅದ್! ಸೀಟಿಗೆ ಮೀನಿನ್ ವಾಸ್ನಿ ಹಿಡಿತ್ತ್!" ಸಾಹುಕಾರರು ಕಿರುಚಿದರು.

ಥೂ, ಆ ಹೊತ್ತಿನಲ್ಲೂ ಅವರಿಗೆ ಸೀಟಿನ ಚಿಂತೆ.

"ಅಣ್ಣ, ಬಿಡ್ ಕಾರ್," ಜಲಜ ಅಂದಳು. "ಮೊದ್ಲ್ ಪೊಲೀಸ್ ಸ್ಟೇಶನ್, ಮತ್ತೆ ಆ ಬಂಡಿಕಲ್ಲಿನ್ ಹತ್ರ."

ಸೀಟು ಸಿಗದ ಹೆಂಗಸರು ಸೆರಗು ಬಿಗಿದು ಕಾರಿನ ಮುಂದೆ ನಡೆಯತೊಡಗಿದರು. ಅವರಿಗೆ ದಾರಿ ಬಿಟ್ಟು ಸಾಹುಕಾರರು ಬದಿಗೆ ಸರಿಯಲೇಬೇಕಾಯಿತು. ಕಿಟಕಿಯ ಬಳಿ ಬಗ್ಗಿ, ಈಗ ಬೇಡುವ ದನಿಯಲ್ಲಿ ಕೇಳಿದರು: "ಇಷ್ಟ್ ದಿನ ಆದ್ಮೇಲ್ ಅಲ್ಲಿ ಹೋಯಿ ಎಂತ ಸಿಕ್ತ್ ಜಲಜಾ?"

ಅವಳು ಅವರ ಮುಖ ನೋಡಿದಳು.

"ಅವ್ರ್ ಮೂರ್ ಜನಕ್ಕೂ ಈಜುಕ್ ಬತ್ತ್ ಸೌಕಾರ್ರೆ."

ಭೋಜ ಗೇರು ಹಾಕಿದ.