ಚಿಪ್ಪಿನ ದೋಣಿ

ಬಟವಾಡಿಯ ಶಾಲೆ ಮೈದಾನದಲ್ಲಿ ಅವತ್ತು ಮಕ್ಕಳಿಗಿಂತ ಅಪ್ಪ ಅಮ್ಮಂದಿರ ಗಲಾಟೆಯೇ ಜಾಸ್ತಿ. ಮನೆಮಂದಿ ಸೇರಿ ವಿಜ್ಞಾನದ ಆಟಿಕೆ ಮಾಡಿ ತರಬೇಕಿತ್ತು. ಯಾರೋ ಬಲೂನಿನ ಕಾರು ಓಡಿಸುತ್ತಿದ್ದರು. ಇನ್ಯಾರೋ ಹುಣಸೆರಸಕ್ಕೆ ಅಡುಗೆ ಸೋಡ ಸುರಿದು, ಉಕ್ಕಿದ ನೊರೆಯಲ್ಲಿ ಪ್ಯಾಂಟು ತೋಯಿಸಿಕೊಂಡಿದ್ದರು.

ರವಿಕಿರಣ್‌ಗೆ ಮಾತ್ರ ಮಗಳು ಮೋನಿಕಾ ಕೊಟ್ಟಿದ್ದು ಒಂದೇ ಕೆಲಸ, ನೀರಿನ ಟಬ್ಬು ಹೊತ್ತು ತರುವುದು. ಹೆಚ್ಚಿಗೆ ಕೊಡುವುದಾದರೂ ಹೇಗೆ? ಹೋದ ವರ್ಷ ಅವಳು ಗಿರಗಿಟ್ಲೆಗೆ ರಟ್ಟು ಕತ್ತರಿಸುತ್ತಿದ್ದಾಗ "ಕೊಡಿಲ್ಲಿ, ನಿಂಗ್ ಬರಲ್ಲ" ಅಂತ ಕಸಿದುಕೊಂಡ ಮಹಾಶಯ ಇವನೇ. ಹಿರೇಹಳ್ಳಿ ಫ್ಯಾಕ್ಟರಿಯ ಫಿಟ್ಟರ್ ಅಲ್ಲವೇ, ಕಬ್ಬಿಣದ ತಗಡಿನಲ್ಲೇ ಮಾಡಿ, ಉಜ್ಜಿ, ಬಣ್ಣ ಹೊಡೆದು ತಂದ. ನೋಡಲು ಬಲು ಚೆಂದ, ಆದರೆ ಫ್ಯಾನ್ ಹಾಕಿದರೂ ಅಲುಗಾಡಲಿಲ್ಲ. ಕ್ಲಾಸಿನ ಮುಂದೆ ತಲೆ ತಗ್ಗಿಸಿ ನಿಂತವಳು ಮೋನಿಕಾ. ಆಮೇಲಿಂದ ಅವಳು ಏನೇ ಮಾಡಿದರೂ ಅಜ್ಜಿ ದೊಡ್ಡಗಂಗಮ್ಮನ ಜೊತೆಗೇ, ಅದೂ ಬಾಗಿಲು ಹಾಕಿಕೊಂಡು. ಒಳಗಿಂದ ಇಬ್ಬರ ನಗು ಕೇಳಿದಾಗೆಲ್ಲ ರವಿಕಿರಣ್ ಬಾಗಿಲವರೆಗೆ ಹೋಗಿ ವಾಪಸ್ ಬರುತ್ತಿದ್ದ. ಮಗಳು ಇನ್ನೊಮ್ಮೆ ಕರೆದರೆ ಸಾಕಿತ್ತು ಅವನಿಗೆ.

ಈ ಸಲ ಅಜ್ಜಿ ಮೊಮ್ಮಗಳು ತಂದದ್ದು ತೆಂಗಿನ ಚಿಪ್ಪಿನ ದೋಣಿ. ಹಿಂದೆ ಎರಡು ಕಡ್ಡಿ, ನಡುವೆ ರಬ್ಬರ್ ಬ್ಯಾಂಡ್, ಅದಕ್ಕೊಂದು ಪ್ಲಾಸ್ಟಿಕ್ ಚೂರು. ತಿರುಚಿ ಬಿಟ್ಟರೆ ಚೂರು ತಿರುಗಿ ನೀರನ್ನು ತಳ್ಳಬೇಕು, ದೋಣಿ ಮುಂದೆ ಹೋಗಬೇಕು. ಮೋನಿಕಾ ಬಿಟ್ಟಳು. ದೋಣಿ ಇದ್ದಲ್ಲೇ ಬುಗುರಿಯ ಹಾಗೆ ಸುತ್ತಿತು.

ಬ್ಯಾಂಡು ಓರೆಯಾಗಿದೆ, ಅದೇ ತಪ್ಪು ಅಂತ ರವಿಕಿರಣ್‌ಗೆ ಖಾತ್ರಿ. ಬಗ್ಗಿ ಕೈ ಚಾಚಿಯೇಬಿಟ್ಟ. ಮೋನಿಕಾ ಚಿಪ್ಪನ್ನು ಎದೆಗವಚಿಕೊಂಡು ಅವನನ್ನು ನೋಡಿದಳು, ಅಷ್ಟೆ. ಅವನು ಎರಡೂ ಕೈ ಜೇಬಿಗೆ ತುರುಕಿಕೊಂಡ.

ಬ್ಯಾಂಡನ್ನು ಅವಳೇ ನೆಟ್ಟಗೆ ಮಾಡಿದಳು. ದೋಣಿ ಮತ್ತೂ ಸುತ್ತಿತು. ಫಿಟ್ಟರ್ ಸಾಹೇಬರ ಲೆಕ್ಕ ತಪ್ಪಿತ್ತು.

"ಚಿಪ್ಪು ಗುಂಡಗಿದೆ ಅಜ್ಜಿ, ಅದ್ಕೇ ಸುತ್ತುತ್ತೆ," ಅಂದಳು ಮೋನಿಕಾ. "ಮೀನಿಗೆ ಹೊಟ್ಟೆ ಕೆಳ್ಗೂ ರೆಕ್ಕೆ ಇರುತ್ತಲ್ವಾ?"

"ಊಂ ಕಣೇ. ನಮ್ಮ್ ಊರ್ಡಿಗೆರೆ ಕೆರೆ ಮೀನಿಗೂ ಐತೆ."

ಮೋನಿಕಾ ಐಸ್‌ಕ್ರೀಮ್ ಕಡ್ಡಿಯೊಂದನ್ನು ಚಿಪ್ಪಿನ ಅಡಿಗೆ ರೆಕ್ಕೆಯ ಹಾಗೆ ನಿಲ್ಲಿಸಿ ದಾರ ಸುತ್ತತೊಡಗಿದಳು. ಚಿಪ್ಪನ್ನು ಅಜ್ಜಿ ಹಿಡಿದಿದ್ದರು. ಕಡ್ಡಿ ಜಾರಿತು. ಮತ್ತೆ ಸುತ್ತಿದಳು, ಮತ್ತೆ ಜಾರಿತು. ರವಿಕಿರಣ್ ತುಟಿ ಕಚ್ಚಿಕೊಂಡು ಆಕಾಶ ನೋಡುತ್ತಾ ನಿಂತ.

"ಅಪ್ಪ, ಈ ಕಡ್ಡಿ ಹಿಡ್ಕೋ. ಸುಮ್ನೆ ಹಿಡ್ಕೋಬೇಕು, ಇನ್ನೇನೂ ಮಾಡ್ಬಾರ್ದು."

ಅವನು ಮಣ್ಣಲ್ಲೇ ಮಂಡಿಯೂರಿ, ಉಸಿರು ಬಿಗಿಹಿಡಿದು ಎರಡು ಬೆರಳಲ್ಲಿ ಹಿಡಿದುಕೊಂಡ. ಅವಳು ಹಾಕಿದ ಗಂಟು ಸಡಿಲವಾಗಿತ್ತು. ಆದರೂ ಅವನು ಕಡ್ಡಿಯನ್ನಷ್ಟೇ ಹಿಡಿದಿದ್ದ, ಗಂಟು ಮುಟ್ಟಲಿಲ್ಲ.

ತಿರುಚಿ ನೀರಿಗೆ ಬಿಟ್ಟಾಗ ದೋಣಿ ಈ ದಡದಿಂದ ಆ ದಡಕ್ಕೆ ನೆಟ್ಟಗೆ ಹೋಗಿ ಟಬ್ಬಿಗೆ ಟಕ್ಕನೆ ಬಡಿಯಿತು. ಅಜ್ಜಿ ಚಪ್ಪಾಳೆ ಹೊಡೆದರು. ರವಿಕಿರಣ್‌ಗೆ ಕಣ್ಣು ತುಂಬಿ ಬಂತು, ಅಷ್ಟು ಸಂತೋಷವಾಗಿತ್ತು ಅವನಿಗೆ.

"ಭಾನುವಾರ ನಾವು ರಾಕೆಟ್ ಮಾಡ್ತೀವಿ," ಅಂದಳು ಮೋನಿಕಾ, ದೋಣಿಯ ನೀರು ಒರೆಸುತ್ತಾ. "ನೀನೂ ಬಾ. ಆದ್ರೆ ಹೇಳ್ದಷ್ಟೇ ಮಾಡ್ಬೇಕು."

"ಹೂಂ," ಅಂದ ರವಿಕಿರಣ್. ರಾಕೆಟ್ ಹೇಗಿರಬೇಕು ಅನ್ನೋದು ಆಗಲೇ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡ.